ಒಂಬತ್ತು ಎಣಿಸುವಷ್ಟು ಹೊತ್ತು

ಕುಮಟಾ
೧೫ ಜೂನ್ ೨೦೨೪, ಶನಿವಾರ

ಭಾಸ್ಕರ,

ಕ್ಷೇಮವೇ ಎಂದು ಕೇಳುವ ಮನಸ್ಸಿಲ್ಲ, ಆದರೂ ಕೇಳಿದೆ ಎಂದುಕೋ. ಎಂಟು ವಾರದಲ್ಲಿ ನಿನಗೆ ಎಷ್ಟು ಸಲ ಕರೆ ಮಾಡಿದೆ ಎಂದು ನಿನ್ನ ಫೋನೇ ಹೇಳುತ್ತದೆ. ಮೊದಮೊದಲು ರಿಂಗಾಗುತ್ತಿತ್ತು, ಆಮೇಲೆ ಅದೂ ಇಲ್ಲ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ಯಾರೇ ಆಗಲಿ ಒಂದು ಸಲ ಓದಿಯೇ ಓದುತ್ತಾರೆ. ಹದಿನಾರು ವರ್ಷ ಶಾಲೆಯಲ್ಲಿ ಮಕ್ಕಳ ಕೈಯಿಂದ ಚೀಟಿ ಕಸಿದುಕೊಂಡವಳಿಗೆ ಇಷ್ಟು ಗೊತ್ತು.

ಲೋಕೇಶನ ಹನ್ನೆರಡನೆಯ ದಿನಕ್ಕೆ ನೀನು ಬರಲಿಲ್ಲ. ಹೊನ್ನಾವರದಲ್ಲಿ ಐಟಿಐ ಓದುವಾಗ ಎರಡು ವರ್ಷ ನಮ್ಮ ಕಾಸರಕೋಡಿನ ಮನೆಯಲ್ಲಿ ಅವನ ಪಕ್ಕದಲ್ಲೇ ಕೂತು ಉಂಡವನು ನೀನು. ನಿಮ್ಮಿಬ್ಬರಿಗೂ ಬಡಿಸಿದವಳು ನಾನು. ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ, ನನಗೆ ಹದಿನಾರು. ಅವನು ನನಗೆ ತಮ್ಮನಾದದ್ದು ಕಡಿಮೆ, ಮಗನಾದದ್ದೇ ಹೆಚ್ಚು. ಹನ್ನೆರಡರ ಊಟಕ್ಕೆ ಎಲೆ ಹಾಕುವಾಗ ಅಪ್ಪ ಎರಡು ಸಲ ಕೇಳಿದ, "ಭಾಸ್ಕರ ಬಂದನಾ ತಂಗಿ?" ಎಂದು. ಬಸ್ಸು ತಡವಾಗಿರಬೇಕು ಎಂದು ಸುಳ್ಳು ಹೇಳಿದೆ.

ಈಗ ವಿಷಯಕ್ಕೆ ಬರುತ್ತೇನೆ. ಆ ದಿನ, ಏಪ್ರಿಲ್ ಇಪ್ಪತ್ತೆರಡು, ಏನಾಯಿತೆಂದು ನಿನಗೆ ಪೇಪರಿನಲ್ಲಿ ಬಂದಷ್ಟೇ ಗೊತ್ತಿರಬಹುದು. ಬೆಳಿಗ್ಗೆ ಭರತದ ನೀರು ಏರುವ ಹೊತ್ತಿಗೆ ಹೋದರು. ಸಂಜೆ ನಾಲ್ಕಕ್ಕೆ ವಾಪಸ್ ಬರುವಾಗ ಇಳಿತ, ಅಳಿವೆಯ ಬಾಯಲ್ಲಿ ಮರಳಿನ ದಿಬ್ಬದ ಮೇಲೆ ನೀರು ಕಡಿಮೆ. ಹೊರಗೆ ಅಲೆ ದೊಡ್ಡದಿತ್ತು. ದೋಣಿಯಲ್ಲಿ ನಾಲ್ವರು. ಚುಕ್ಕಾಣಿ ಹಿಡಿದು ಕ್ಯಾಬಿನ್‌ನಲ್ಲಿ ಲೋಕೇಶ, ಎಂಜಿನ್ ಹತ್ತಿರ ಮಾಬ್ಲ, ಬಲೆಯ ಮೇಲೆ ಶುಕ್ರ, ಹಿಂದಿನ ತುದಿಯಲ್ಲಿ ನೀನು ಕೂಡಿಸಿಕೊಟ್ಟ ಗುಂಡಿ ಹಿಡಿದು, ದೋಣಿಗೆ ಅಪ್ಪಣೆ ಕೊಡುವ ತಾಂಡೇಲನಾದ ಅಪ್ಪ.

ಅಪ್ಪನ ಪದ್ಧತಿ ನೀನೂ ಬರೆದುಕೊಂಡದ್ದೇ. ಅಳಿವೆಯ ಒಳಗೆ ಬರುವಾಗ ಮೂರನೆಯ ದೊಡ್ಡ ಅಲೆ ಕಾಲ ಕೆಳಗೆ ದಾಟಿದ ಮೇಲೆ ಎಣಿಸಬೇಕು. ಇಳಿತದಲ್ಲಿ ಒಂಬತ್ತು, ಭರತ ಏರುವಾಗ ಆರು. ಬೇಗ ಹೊರಟರೆ ಮುಂದಿನ ಅಲೆಯ ಬೆನ್ನಿಗೆ ಬೀಳುತ್ತೇವೆ, ತಡವಾದರೆ ಹಿಂದಿನ ಅಲೆಯ ಬಾಯಿಗೆ. ಮೊದಲು ಅವನು ಎಣಿಸಿ ಕೈ ಎತ್ತುತ್ತಿದ್ದ, ಲೋಕೇಶ ಅದನ್ನು ನೋಡಿ ಎಂಜಿನ್ ಕೊಡುತ್ತಿದ್ದ. ಹೋದ ಅಕ್ಟೋಬರ್‌ನಲ್ಲಿ ಒಮ್ಮೆ ಬಿಸಿಲು ಕಣ್ಣಿಗೆ ಹೊಡೆದು ಲೋಕೇಶನಿಗೆ ಕೈ ಕಾಣಲಿಲ್ಲ, ಕೂದಲೆಳೆಯಲ್ಲಿ ಉಳಿದರು. ಆಮೇಲೆ ನಿನ್ನ ಯಂತ್ರ ಬಂತು. ಅಪ್ಪ ಗುಂಡಿ ಒತ್ತಿದರೆ ಸಾಕು, ಕ್ಯಾಬಿನ್‌ನ ಕಂಪ್ಯೂಟರು ಆ ದಿನದ ಇಳಿತ ಭರತ ನೋಡಿ ತಾನೇ ಎಣಿಸಿ ಹಾರ್ನ್ ಹೊಡೆಯುತ್ತದೆ, ಹಾರ್ನ್ ಬಂದ ಕೂಡಲೇ ಲೋಕೇಶ ಪೂರ್ತಿ ಎಂಜಿನ್ ಕೊಡುತ್ತಾನೆ. ಆರು ತಿಂಗಳು ಚೆನ್ನಾಗಿಯೇ ನಡೆಯಿತು.

ಆ ದಿನ ಹಾರ್ನ್ ತಡವಾಗಿ ಬಂತು ಎನ್ನುತ್ತಾನೆ ಮಾಬ್ಲ. "ನಾವೆಲ್ಲ ಕಾಯ್ತಾ ಕೂತಿದ್ದೇ ಅಕ್ಕ. ಬಂತು ಬಂತು ಅಂದ್ರೆ ಬರೂದೇ ಇಲ್ಲ. ಬಂದಾಗ ಹಿಂದಿನ ಅಲೆ ತಲೆ ಮೇಲಿತ್ತು." ದೋಣಿ ಮಗುಚಿತು, ಲೋಕೇಶ ದಡ ಸೇರಲಿಲ್ಲ. ಅಪ್ಪ ಗುಂಡಿ ಯಾವಾಗ ಒತ್ತಿದ ಎಂದು ಮಾಬ್ಲನಿಗೆ ಕಾಣುತ್ತಿರಲಿಲ್ಲ. ಅಪ್ಪನ ಕಣ್ಣಲ್ಲಿ ಪೊರೆ ಬಂದಿದೆ ಎಂದು ಊರಿಗೆಲ್ಲ ಗೊತ್ತು. ಊರು ತೀರ್ಮಾನ ಮಾಡಿಬಿಟ್ಟಿದೆ: ಮುದುಕನಿಗೆ ಅಲೆ ಕಾಣಲಿಲ್ಲ, ಗುಂಡಿ ತಡವಾಗಿ ಒತ್ತಿದ, ಮಗನನ್ನು ತಿಂದ. ಮೀನುಗಾರರ ಸಭೆಯಲ್ಲಿ ಇನ್ನು ಮುಂದೆ ಅವನನ್ನು ಯಾವ ದೋಣಿಗೂ ಕರೆಯಬಾರದೆಂದು ಮಾತಾಯಿತು. ಅಪ್ಪ ಎದ್ದು ನಿಂತು, "ಹೌದು, ನನ್ನ ಕೈ ತಡ ಆತು" ಎಂದ. ಆಮೇಲೆ ಮಾತೇ ಬಿಟ್ಟಿದ್ದಾನೆ. ದಿನವೂ ಹೋಗಿ ಅಳಿವೆಯ ಕಲ್ಲಿನ ಮೇಲೆ ಕೂರುತ್ತಾನೆ. ಆ ಕಲ್ಲು ಎಂದರೆ ನನಗೆ ಭಯ.

ನಿನ್ನನ್ನು ಬೈಯಲು ಈ ಕಾಗದ ಬರೆದಿಲ್ಲ. ಒಂದೇ ಪ್ರಶ್ನೆ. ನಿನ್ನ ಯಂತ್ರ ಒಂಬತ್ತು ಎಂದರೆ ಒಂಬತ್ತೇ ಎಣಿಸುತ್ತದೆಯೋ, ಇಲ್ಲವೋ? ಇದಕ್ಕೆ ಉತ್ತರ ಬೇಕು. ಅಪ್ಪ ಬದುಕಬೇಕಾದರೆ ಬೇಕು.

ಇಂತಿ,
ಸುಚಿತಾ


ಭಟ್ಕಳ
೨೩ ಜೂನ್ ೨೦೨೪

ಸುಚಿತಕ್ಕನಿಗೆ ಭಾಸ್ಕರನ ನಮಸ್ಕಾರ.

ನಾನು ಬಂದಿದ್ದೆ ಅಕ್ಕ. ಹನ್ನೆರಡನೆಯ ದಿನ ಬೆಳಿಗ್ಗೆ ಮುಟ್ಟಳ್ಳಿಯ ಮನೆಯಿಂದ ಹೊರಟು ಬಸ್ಸು ಹತ್ತಿದೆ. ಕಾಸರಕೋಡಿನ ಸ್ಟಾಪಿನಲ್ಲಿ ಕಂಡಕ್ಟರು ಎರಡು ಸಲ ಕೂಗಿದ. ಏಳಲಾಗಲಿಲ್ಲ. ಬಸ್ಸು ಸೇತುವೆ ದಾಟಿ ಹೊನ್ನಾವರಕ್ಕೆ ಹೋಯಿತು. ಸೇತುವೆಯ ಮೇಲಿಂದ ಅಳಿವೆ ಕಾಣುತ್ತದಲ್ಲ, ಆ ಕಡೆ ತಲೆ ತಿರುಗಿಸಲಿಲ್ಲ. ಸ್ಟ್ಯಾಂಡಿನಲ್ಲಿ ಮಧ್ಯಾಹ್ನದವರೆಗೆ ಕೂತು ವಾಪಸ್ ಬಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಯಾರೂ ಕೇಳುವ ಮೊದಲೇ ನನಗೆ ಹೆದರಿಕೆ. ಫೋನ್ ಎತ್ತದ್ದೂ ಅದಕ್ಕೇ.

ನಿನ್ನ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಾನು ಸುಮ್ಮನೆ ಕೂತಿಲ್ಲ. ದೋಣಿಯ ಕಂಪ್ಯೂಟರು ಸಮುದ್ರದ ಪಾಲಾಯಿತು. ಆದರೆ ಅದರ ಜೋಡಿ ನನ್ನ ಅಂಗಡಿಯಲ್ಲಿದೆ. ಒಂದು ಆಫೀಸಿನವರು ಹಳೆಯದೆಂದು ಹಾಕಿದಾಗ ಎರಡನ್ನೂ ಒಟ್ಟಿಗೆ ತಂದದ್ದು. ಒಂದೇ ಕಂಪನಿ, ಒಂದೇ ವರ್ಷ, ಒಳಗಿನ ಆಪರೇಟಿಂಗ್ ಸಿಸ್ಟಮ್ ಕೂಡ ಒಂದೇ, ಹದಿನಾಲ್ಕು ವರ್ಷ ಹಳೆಯದು. ನಿನ್ನ ಕಾಗದ ಬಂದ ದಿನವೇ ಅದಕ್ಕೆ ಅದೇ ಪ್ರೋಗ್ರಾಮು ಹಾಕಿದೆ, ಅದೇ ತರಹದ ಗುಂಡಿ, ಅದೇ ಹಾರ್ನ್. ಪಕ್ಕದಲ್ಲಿ ಫೋನಿನ ಸ್ಟಾಪ್‌ವಾಚ್ ಇಟ್ಟುಕೊಂಡೆ. ಅಂಗಡಿಯಲ್ಲಿ ಯಾವಾಗಲೂ ಇರುವಂತೆ ಕರ್ಕಿ ಕಡೆಯ ಯಕ್ಷಗಾನದ ಪದ ಹಾಕಿಕೊಂಡೇ ಕೂತಿದ್ದೆ, ಲೋಕೇಶ ಪೆನ್‌ಡ್ರೈವಿನಲ್ಲಿ ಕೊಟ್ಟದ್ದು. ಇಪ್ಪತ್ತು ಸಲ ಒತ್ತಿದೆ. ಇಪ್ಪತ್ತು ಸಲವೂ ಒಂಬತ್ತು ಸೆಕೆಂಡು. ಒಂದೆರಡು ಸಲ ಒಂಬತ್ತೂ ಕಾಲು, ಅಷ್ಟೇ. ದೋಣಿಗೆ ಕೂಡಿಸುವ ಮೊದಲೂ ಹೀಗೇ ನೋಡಿದ್ದೆ.

ಯಂತ್ರ ತಪ್ಪಲಿಲ್ಲ ಅಕ್ಕ.

ಇದನ್ನು ಬರೆಯುವಾಗ ನನಗೆ ಎದೆಯ ಭಾರ ಇಳಿದಂತಾಯಿತು. ಹಾಗೆ ಆದದ್ದಕ್ಕೆ ನಾಚಿಕೆಯೂ ಆಗುತ್ತಿದೆ. ನನ್ನ ಭಾರ ಇಳಿದು ಯಾರ ಹೆಗಲಿಗೆ ಹೋಯಿತು ಎಂದು ತಿಳಿಯದಷ್ಟು ದಡ್ಡನಲ್ಲ ನಾನು. ದೇವಪ್ಪ ಮಾವನಿಗೆ ವಯಸ್ಸಾಯಿತು. ಅವರ ತಪ್ಪೆಂದು ನಾನು ಹೇಳುವುದಿಲ್ಲ. ಸಮುದ್ರ ಎಂದ ಮೇಲೆ ಯಾರನ್ನು ದೂರುವುದು. ಅವರ ಕಣ್ಣಿನ ಆಪರೇಷನ್ ಮಾಡಿಸು. ನಾನೇ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೂ ಹೇಳು.

ನಿನ್ನ ತಮ್ಮನಂತಿದ್ದವನು,
ಭಾಸ್ಕರ


ಕಾಸರಕೋಡ
೭ ಜುಲೈ ೨೦೨೪, ಭಾನುವಾರ

ಭಾಸ್ಕರ,

ನಿನ್ನ ಕಾಗದ ಬಂತು. ನಿನ್ನೆ ಶಾಲೆ ಬಿಟ್ಟವಳೇ ಇಲ್ಲಿಗೆ ಬಂದೆ. ಅಪ್ಪನಿಗೆ ಹೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಆದರೆ ಅವನೇ ಕೇಳಿದ, ಭಾಸ್ಕರ ಎಂತ ಬರೆದ ಎಂದು. ಯಂತ್ರ ಸರಿಯಿತ್ತಂತೆ ಅಪ್ಪ ಎಂದೆ. "ಆತು" ಎಂದ. ಅಷ್ಟೇ. ಆಮೇಲೆ ಎದ್ದು ಹೋಗಿ ತನ್ನ ಬೀಸು ಬಲೆಯನ್ನು ಬಿದಿರಿನ ಗಳುವಿನಿಂದ ಇಳಿಸಿ ಶುಕ್ರನ ಮನೆಗೆ ಕೊಟ್ಟು ಬಂದ. ಕಣ್ಣಿನ ಆಸ್ಪತ್ರೆಗೆ ಮಂಗಳವಾರ ಹೋಗಬೇಕಿತ್ತು, ಬೇಡ ಎಂದಿದ್ದಾನೆ. ಎಂತ ನೋಡಬೇಕು ಇನ್ನು, ಎಂದ.

ನಿನ್ನ ಮೇಲೆ ಸಿಟ್ಟಿಲ್ಲ. ಕೇಳಿದವಳು ನಾನು, ನೀನು ಹೇಳಿದೆ. ಆದರೆ ಒಂದು ಮಾತು ಹೇಳುತ್ತೇನೆ. ನಲವತ್ತು ವರ್ಷದಲ್ಲಿ ಅಪ್ಪ ಅಲೆಯನ್ನು ಕಣ್ಣಿನಿಂದ ನೋಡಿದ್ದು ಕಡಿಮೆ. ಕಾಲಿನಿಂದ ನೋಡುತ್ತಿದ್ದ. ದೋಣಿಯ ಹಲಗೆ ಎದ್ದು ಇಳಿಯುವುದು ಅವನ ಅಂಗಾಲಿಗೆ ತಿಳಿಯುತ್ತದೆ. ಪೊರೆ ಕಣ್ಣಿಗೆ ಬಂದಿದೆ, ಕಾಲಿಗೆ ಬಂದಿಲ್ಲವಲ್ಲ. ಇದನ್ನು ಊರಿನ ಎದುರು ಹೇಳಿದರೆ ಮಗಳು ಅಪ್ಪನ ಪರ ಮಾತಾಡುತ್ತಾಳೆ ಎನ್ನುತ್ತಾರೆ. ಮಾತಾಡುತ್ತೇನೆ. ಮತ್ಯಾರ ಪರ ಮಾತಾಡಲಿ?

ಇವತ್ತು ಲೋಕೇಶ ನನ್ನ ಫೋನಿಗೆ ಕಳಿಸಿದ್ದನ್ನೆಲ್ಲ ಕೇಳುತ್ತಾ ಕೂತಿದ್ದೆ. ಅವನು ಕಳಿಸಿದ ಕೊನೆಯ ಧ್ವನಿ ಆ ದಿನ ಬೆಳಿಗ್ಗೆಯದು. ಎಂಜಿನ್ ಸದ್ದಿನ ನಡುವೆ ಕೂಗುತ್ತಾನೆ: "ಅಕ್ಕಾ, ಇವತ್ತು ಹಾಡಿಲ್ಲ, ಎಂತಾ ಬೇಜಾರು ಗೊತ್ತಾ. ಪರಮೇಶ್ವರಿ ಅಜ್ಜಿ ಹನ್ನೆರಡಕ್ಕೆ ಇನ್ನೂ ಏಳು ದಿನ ಅದೆ. ಕಂಪ್ಯೂಟರು ಬರೀ ಹಾರ್ನ್ ಹೊಡೂಕೆ ಆತು." ನಿನಗೆ ಗೊತ್ತಲ್ಲ, ನಮ್ಮ ಕೇರಿಯಲ್ಲಿ ಸಾವಾದರೆ ಮೂರು ದಿನ ಯಾರೂ ಸಮುದ್ರಕ್ಕೆ ಹೋಗುವುದಿಲ್ಲ, ಹೋದ ಮೇಲೂ ಹನ್ನೆರಡರವರೆಗೆ ದೋಣಿಯಲ್ಲಿ ಹಾಡು ಹಾಕುವುದಿಲ್ಲ. ಪಕ್ಕದ ಮನೆಯ ಆ ಅಜ್ಜಿ ಏಪ್ರಿಲ್ ಹದಿನೆಂಟಕ್ಕೆ ತೀರಿಕೊಂಡಿದ್ದಳು. ಹಾಡು ಹಾಕಬೇಡ ಎಂದು ಹೊರಡುವಾಗ ಅಪ್ಪನೇ ಹೇಳಿದ್ದನಂತೆ. ಹಾಡಿಲ್ಲದೆ ಲೋಕೇಶ ಒಂದು ಗಂಟೆ ಇದ್ದವನಲ್ಲ. ಅವನ ಕೊನೆಯ ದಿನ ಪೂರ್ತಿ ಹಾಡಿಲ್ಲದೆ ಹೋಯಿತಲ್ಲ ಎಂದು ನನಗೆ ಬೇಡದ ಕಡೆಯೆಲ್ಲ ಅಳು ಬರುತ್ತದೆ. ಎಂಥ ಎಂಥದಕ್ಕೋ ಅಳುವುದು.

ಮಳೆ ಹಿಡಿದಿದೆ. ದೋಣಿಗಳೆಲ್ಲ ದಡದಲ್ಲಿ ತೆಂಗಿನ ಮಡಲು ಹೊದ್ದು ಮಲಗಿವೆ. ಆಗಸ್ಟ್ ಒಂದಕ್ಕೆ ಮತ್ತೆ ಹೊರಡುತ್ತವೆ. ಅವತ್ತು ಅಪ್ಪ ಏನು ಮಾಡುತ್ತಾನೋ ಎಂದು ಈಗಿನಿಂದಲೇ ಹೆದರಿಕೆ.

ಸುಚಿತಾ


ಕುಮಟಾ
೧೩ ಆಗಸ್ಟ್ ೨೦೨೪

ಭಾಸ್ಕರ,

ಐದು ವಾರವಾಯಿತು. ನನ್ನ ಹಿಂದಿನ ಕಾಗದಕ್ಕೆ ಉತ್ತರ ಬೇಕಾಗುವಂಥದ್ದೇನೂ ಇರಲಿಲ್ಲ ನಿಜ. ಆದರೆ ಹೋದ ಭಾನುವಾರ ಮಾಬ್ಲ ಎಂಜಿನ್ನಿನ ಸಾಮಾನಿಗೆಂದು ಭಟ್ಕಳಕ್ಕೆ ಬಂದವನು ನಿನ್ನ ಅಂಗಡಿಗೆ ಹೋಗಿದ್ದನಂತೆ. ಅರ್ಧ ಬಾಗಿಲು ಹಾಕಿತ್ತಂತೆ. ಒಳಗೆ ನೀನು ಹಾರ್ನ್ ಹೊಡೆಸುತ್ತಾ ಕೂತಿದ್ದೆಯಂತೆ, ಅವನನ್ನು ಕಂಡು ಕಂಪ್ಯೂಟರಿನ ಮೇಲೆ ಬಟ್ಟೆ ಹಾಕಿದೆಯಂತೆ. "ನನ್ನ ಮುಖ ನೋಡ್ಲಿಲ್ಲ ಅಕ್ಕ ಅವ" ಎಂದ ಮಾಬ್ಲ.

ಜೂನ್‌ನಲ್ಲೇ ಇಪ್ಪತ್ತು ಸಲ ನೋಡಿ ಸರಿಯಿದೆ ಎಂದವನಿಗೆ ಆಗಸ್ಟಿನಲ್ಲಿ ಮತ್ತೆ ನೋಡುವ ಕೆಲಸವೇನು?

ಒಂದನೇ ತಾರೀಕು ದೋಣಿಗಳು ಹೋದವು. ಅಪ್ಪ ಸ್ನಾನ ಮಾಡಿ, ಬಿಳಿ ಅಂಗಿ ಹಾಕಿ, ದಡದಲ್ಲಿ ಹೋಗಿ ನಿಂತ. ಯಾರೂ ಕರೆಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಕೊನೆಯ ದೋಣಿ ದಾಟುವವರೆಗೆ ನಿಂತಿದ್ದು ಬಂದ. ಅಂದಿನಿಂದ ಒಂದು ಹೊತ್ತು ಗಂಜಿ, ಅದೂ ಒತ್ತಾಯಕ್ಕೆ. ನಾನು ಶನಿವಾರ ಬಂದು ಸೋಮವಾರ ಹೋಗುವವಳು. ಉಳಿದ ದಿನ ಅವನು ಉಂಡನೋ ಇಲ್ಲವೋ ಯಾರು ನೋಡುತ್ತಾರೆ?

ನಿನ್ನ ಹತ್ತಿರ ಏನೋ ಇದೆ. ಇದ್ದರೆ ಹೇಳು. ಎಷ್ಟೇ ಕೆಟ್ಟದಿದ್ದರೂ ಇದಕ್ಕಿಂತ ಕೆಟ್ಟದಿರಲಾರದು.

ಸುಚಿತಾ


ಭಟ್ಕಳ
೧೮ ಆಗಸ್ಟ್ ೨೦೨೪

ಸುಚಿತಕ್ಕ,

ಯಂತ್ರ ತಪ್ಪಿತ್ತು.

ಈ ಎರಡು ಶಬ್ದ ಬರೆಯಲು ನನಗೆ ಐದು ವಾರ ಬೇಕಾಯಿತು. ಏಳು ಸಲ ಬರೆದು ಮೇಜಿನ ಡ್ರಾವರಿಗೆ ಹಾಕಿದೆ. ಜುಲೈ ಏಳರ ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ಪದ ಹಾಕಿತ್ತು. ಹಾಡಿಲ್ಲ ಎಂದು ಲೋಕೇಶ ಹೇಳಿದ್ದನ್ನು ಓದಿದಾಗ ಅಂಗಡಿಯಲ್ಲಿ ಆ ಹಾಡು ಕೇಳುವುದು ಸರಿಯಲ್ಲ ಎನಿಸಿತು. ಪ್ಲೇಯರನ್ನು ಮುಚ್ಚಿದೆ. ಯಾಕೋ, ಹಾಗೇ ಗುಂಡಿ ಒತ್ತಿದೆ. ಒಂಬತ್ತಕ್ಕೆ ಹಾರ್ನ್ ಬರಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಕಂಪ್ಯೂಟರು ನಿಂತುಹೋಗಿದೆ ಎಂದುಕೊಂಡೆ. ಹದಿನಾಲ್ಕಕ್ಕೆ ಹೊಡೆಯಿತು. ಮತ್ತೆ ಪದ ಹಾಕಿದೆ, ಒಂಬತ್ತು. ಮುಚ್ಚಿದೆ, ಹದಿನಾಲ್ಕು. ಅಂದಿನಿಂದ ಇದೊಂದೇ ಮಾಡುತ್ತಿದ್ದೇನೆ. ಮಾಬ್ಲ ನೋಡಿದ್ದು ಇದನ್ನೇ.

ಯಾಕೆ ಹೀಗೆ ಎಂದು ನಿನಗೆ ಅರ್ಥವಾಗುವಂತೆ ಹೇಳಬೇಕು. ಊರಿನವರಿಗೆ ನೀನೇ ಹೇಳಬೇಕಾದೀತು.

ಕಂಪ್ಯೂಟರಿನಲ್ಲಿ ನನ್ನ ಪ್ರೋಗ್ರಾಮು, ಹಾಡಿನ ಪ್ಲೇಯರು, ಇವೆಲ್ಲ ಬಾಡಿಗೆಯವರು ಇದ್ದಂತೆ. ಅಡಿಯಲ್ಲಿ ಕರ್ನಲ್ ಎಂಬುದು ಒಂದಿದೆ, ಮನೆಯ ಯಜಮಾನ ಅದು. ಗಡಿಯಾರ ಅದರ ಕೈಯಲ್ಲಿ. ನಿಮ್ಮ ಶಾಲೆಯಲ್ಲಿ ಗಂಟೆ ಹೊಡೆಯುವವನನ್ನು ನೆನೆಸಿಕೋ. ಅವನಿಗೆ "ಹತ್ತು ನಿಮಿಷ ಮಲಗುತ್ತೇನೆ, ಎಬ್ಬಿಸು" ಎನ್ನುತ್ತೀಯ. ಆದರೆ ಅವನು ಗಡಿಯಾರ ನೋಡುವುದು ಹದಿನೈದೂವರೆ ನಿಮಿಷಕ್ಕೊಮ್ಮೆ ಮಾತ್ರ. ಆದ್ದರಿಂದ ನೀನು ಏಳುವುದು ಹತ್ತಕ್ಕಲ್ಲ, ಹದಿನೈದೂವರೆಗೆ. ಎದ್ದವಳು ಮತ್ತೆ ಹತ್ತು ನಿಮಿಷ ಎಂದು ಮಲಗಿದರೆ ಮತ್ತೆ ಹದಿನೈದೂವರೆ. ಹೀಗೆ ಆರು ಸಲ ಮಲಗೆದ್ದು ಒಂದು ಗಂಟೆಯಾಯಿತು ಎಂದು ಲೆಕ್ಕ ಹಿಡಿದರೆ ಹೊರಗೆ ಒಂದೂವರೆ ಗಂಟೆ ದಾಟಿರುತ್ತದೆ. ಆ ಹಳೆಯ ಸಿಸ್ಟಮ್ಮಿನ ಕರ್ನಲ್ ಸೆಕೆಂಡಿಗೆ ಅರವತ್ನಾಲ್ಕು ಸಲ ಮಾತ್ರ ಗಡಿಯಾರ ನೋಡುತ್ತದೆ. ನಾನು ಹತ್ತು ಮಿಲಿಸೆಕೆಂಡು ಮಲಗು ಎಂದು ಬರೆದಿದ್ದೆ, ನೂರು ಸಲ ಮಲಗೆದ್ದರೆ ಒಂದು ಸೆಕೆಂಡು ಎಂದು ಲೆಕ್ಕ. ಎದ್ದಾಗೊಮ್ಮೆ ಗಡಿಯಾರ ನೋಡಿದ್ದರೆ ಸಾಕಿತ್ತು. ನಾನು ನಿದ್ದೆಗಳನ್ನು ಎಣಿಸಿದೆ, ಗಡಿಯಾರ ನೋಡಲಿಲ್ಲ.

ಹಾಗಾದರೆ ಆರು ತಿಂಗಳು ಸರಿಯಾಗಿ ನಡೆದದ್ದು ಹೇಗೆ? ಹಾಡಿನಿಂದ. ಹಾಡಿನ ಪ್ಲೇಯರಿಗೆ ಸಣ್ಣ ಸಮಯ ಬೇಕು, ಇಲ್ಲದಿದ್ದರೆ ಪದ ಅಲ್ಲಲ್ಲಿ ಮುರಿಯುತ್ತದೆ. ಅದು ತೆರೆದ ಕೂಡಲೇ ಕರ್ನಲ್ಲಿಗೆ ಹೇಳುತ್ತದೆ, ಒಂದು ಮಿಲಿಸೆಕೆಂಡಿಗೊಮ್ಮೆ ಗಡಿಯಾರ ನೋಡು ಎಂದು. ಹೆಡ್‌ಮಾಸ್ತರರು ಗಂಟೆಯವನಿಗೆ ನಿಮಿಷಕ್ಕೊಮ್ಮೆ ನೋಡು ಎಂದರೆ ಅವನು ಎಲ್ಲರಿಗಾಗಿಯೂ ನೋಡುತ್ತಾನಲ್ಲ, ಹಾಗೆ. ಬೇಕೆಂದದ್ದು ಪ್ಲೇಯರು, ಉಪಯೋಗ ನನ್ನ ಪ್ರೋಗ್ರಾಮಿಗೂ ಆಯಿತು. ಪ್ಲೇಯರು ಮುಚ್ಚಿದರೆ ಕರ್ನಲ್ ತನ್ನ ಹಳೆಯ ಚಾಳಿಗೆ ಹೋಗುತ್ತದೆ. ಈಗಿನ ಹೊಸ ಸಿಸ್ಟಮ್ಮುಗಳಲ್ಲಿ ಒಬ್ಬರು ಕೇಳಿದ್ದು ಇನ್ನೊಬ್ಬರಿಗೆ ಸಿಗುವುದಿಲ್ಲ. ಅಂಥದ್ದಿದ್ದರೆ ಮೊದಲ ದಿನವೇ ಹದಿನಾಲ್ಕು ಬಂದು ನನ್ನ ತಪ್ಪು ನನಗೆ ಕಾಣುತ್ತಿತ್ತು.

ನಾನು ಯಾವಾಗ ಪರೀಕ್ಷೆ ಮಾಡಿದರೂ ಹಾಡು ಇತ್ತು. ಲೋಕೇಶನ ದೋಣಿಯಲ್ಲಿ ಹಾಡಿಲ್ಲದ ದಿನ ಒಂದು ಬರಬಹುದೆಂದು ನನಗೆ ಹೊಳೆಯಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಪ್ರೋಗ್ರಾಮು ನನಗೆ ಹಾಗಿತ್ತು. ಎಷ್ಟು ಹೊತ್ತಿಗೊಮ್ಮೆ ಗಡಿಯಾರ ನೋಡುತ್ತೀಯ ಎಂದು ಕರ್ನಲ್ಲನ್ನು ಕೇಳುವ ದಾರಿ ಇದೆ ಅಕ್ಕ. ಕೇಳಿದರೆ ಅದು ಸುಳ್ಳು ಹೇಳುವುದಿಲ್ಲ. ಒಂದೇ ಸಾಲು ಬರೆಯಬೇಕಿತ್ತು. ನಾನು ಕೇಳಲಿಲ್ಲ.

ದೇವಪ್ಪ ಮಾವ ಗುಂಡಿ ಸರಿಯಾದ ಹೊತ್ತಿಗೇ ಒತ್ತಿದ್ದಾರೆ. ಹಾರ್ನ್ ಐದು ಸೆಕೆಂಡು ತಡವಾಗಿ ಬಂತು. ಲೋಕೇಶನನ್ನು ಕೊಂದದ್ದು ಆ ಐದು ಸೆಕೆಂಡು, ಅದು ನನ್ನದು. ಜೂನ್‌ನಲ್ಲಿ ನಾನು ಬರೆದ ಕಾಗದ ಓದಿ ಅವರು ಬಲೆ ಕೊಟ್ಟು ಬಂದರು ಎಂಬುದನ್ನು ಓದಿಯೂ ಐದು ವಾರ ಸುಮ್ಮನಿದ್ದೆ. ಮೊದಲನೆಯದು ತಪ್ಪು. ಎರಡನೆಯದಕ್ಕೆ ಬೇರೆ ಹೆಸರಿದೆ, ಅದನ್ನು ನೀನು ಇಡು.

ಇದರ ಜೊತೆ ಇನ್ನೊಂದು ಹಾಳೆ ಇದೆ. ಯಂತ್ರದ ತಪ್ಪು ನನ್ನದೆಂದು ಬರೆದು ಸಹಿ ಹಾಕಿದ್ದೇನೆ. ಮೀನುಗಾರರ ಸಭೆಯಲ್ಲಿ ಓದಿಸು. ಮಾವನಿಗೆ ಮೊದಲು ಓದಿ ಹೇಳು. ನೀನು ಕರೆದ ದಿನ ನಾನು ಬರುತ್ತೇನೆ. ಈ ಸಲ ಕಾಸರಕೋಡಿನಲ್ಲಿ ಇಳಿಯುತ್ತೇನೆ.

ಭಾಸ್ಕರ


ಕಾಸರಕೋಡ
೨೭ ಆಗಸ್ಟ್ ೨೦೨೪, ಮಂಗಳವಾರ

ಭಾಸ್ಕರ,

ಶಾಲೆಗೆ ರಜೆ ಹಾಕಿ ಇಲ್ಲೇ ಇದ್ದೇನೆ. ಯಾಕೆಂದು ಮುಂದೆ ಬರೆಯುತ್ತೇನೆ.

ನಿನ್ನ ಕಾಗದ ಗುರುವಾರ ಬಂತು. ಮೊದಲ ಸಲ ಓದಿದಾಗ ನಿನ್ನ ಕತ್ತು ಹಿಸುಕಬೇಕೆನ್ನಿಸಿತು. ಸುಳ್ಳು ಹೇಳಿ ಏನು ಪ್ರಯೋಜನ. ಎರಡನೆಯ ಸಲ ಓದಿದಾಗ ಅಪ್ಪ ಉಳಿದ ಎನ್ನಿಸಿತು. ಶನಿವಾರ ಬಸ್ಸಿನಲ್ಲಿ ಬರುವಾಗ ಎಷ್ಟೋ ತಿಂಗಳ ಮೇಲೆ ಹಸಿವಾಯಿತು. ಹೊನ್ನಾವರದಲ್ಲಿ ಇಳಿದು ಅಪ್ಪನಿಗೆಂದು ಬನ್ಸ್ ಕಟ್ಟಿಸಿಕೊಂಡೆ.

ಮಧ್ಯಾಹ್ನ ಅವನನ್ನು ಜಗಲಿಯಲ್ಲಿ ಕೂರಿಸಿ ಓದಿದೆ. ಗಂಟೆಯವನ ವಿಷಯ ಬಂದಾಗ ತಲೆ ಆಡಿಸಿದ, ತಿಳಿಯಿತು ಎಂದು. ಹಾಡಿನ ವಿಷಯ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದ. ಹಾಡು ಬೇಡ ಎಂದವನು ತಾನೇ ಎಂಬುದು ಅವನಿಗೆ ನೆನಪಾಯಿತೆಂದು ನನಗೆ ತಿಳಿಯಿತು. ಅದು ಕೇರಿಯ ರೀತಿ ಅಪ್ಪ, ನಿನ್ನ ತಪ್ಪಲ್ಲ ಎಂದೆ. ಕೈ ಬಿಟ್ಟು, ಮುಂದೆ ಓದು ಎಂದ. ಮುಗಿದ ಮೇಲೆ, "ಇನ್ನೊಂದ್ಸಲ ಓದು ತಂಗಿ. ಆ ಒಂಬತ್ತು ಹದಿನಾಲ್ಕು ಇರೂ ಜಾಗ" ಎಂದ. ಓದಿದೆ.

"ಅಂದ್ರೆ ನಂಗೆ ತಡ ಆಗ್ಲಿಲ್ಲ."

"ಇಲ್ಲ ಅಪ್ಪ. ನಿಂಗೆ ತಡ ಆಗ್ಲೇ ಇಲ್ಲ."

ಅಳುತ್ತಾನೆ, ಹಗುರಾಗುತ್ತಾನೆ ಎಂದು ನಾನು ಕಾದೆ. ನೀರು ಕೇಳಿದ. ಕುಡಿದು ತಂಬಿಗೆ ಕೆಳಗಿಟ್ಟು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ.

"ನಾ ಎಣಿಸ್ತಾ ಇದ್ದೆ ತಂಗಿ. ಗುಂಡಿ ಒತ್ತಿದ್ರೂ ಮನಸ್ನಲ್ಲಿ ಎಣಿಸೂದು ಬಿಟ್ಟಿರ್ಲಿಲ್ಲ. ನಲ್ವತ್ತು ವರ್ಷದ ಚಟ, ಎಲ್ಲಿ ಬಿಡ್ತದೆ. ಒಂಬತ್ತಾತು, ಹಾರ್ನ್ ಬರ್ಲಿಲ್ಲ. ನಾ ಕೈ ಎತ್ತಿದೆ, ಮೊದ್ಲಿನ ಹಾಗೆ. ಅವ ಹಿಂದೆ ತಿರ್ಗಿ ನೋಡ್ದ. ನೋಡಿ, ಮೇಲೆ ಹಾರ್ನ್ ಬದಿಗೆ ಬೆರಳು ತೋರ್ಸಿ, ಇನ್ನೂ ಆಗ್ಲಿಲ್ಲ ಅಂತ ತಲೆ ಆಡ್ಸಿದ. ನಗ್ತಾ ಇದ್ದ. ನಾ ಕೈ ಇಳಿಸ್ದೆ."

ನಾನು ಏನೋ ಹೇಳಲು ಹೋದೆ. ಅವನು ಬಿಡಲಿಲ್ಲ.

"ಇಷ್ಟ್ ದಿನ ನಾ ಎಂತ ಅಂದ್ಕಂಡಿದ್ದೆ ಗೊತ್ತಾ? ಮುದ್ಕ ಆದೆ, ಒತ್ತಿದ್ದೂ ತಡ ಆತು, ಎಣಿಕೆಯೂ ತಪ್ತು, ಮಷೀನೇ ಸರಿ ಇತ್ತು ಅಂದ್ಕಂಡಿದ್ದೆ. ಅದು ಹೆಂಗೋ ತಡ್ಕಳ್ಳೂಕೆ ಆಗ್ತಿತ್ತು. ಕಣ್ಣಿಲ್ದವ ಬಿದ್ರೆ ಯಾರಿಗೆ ಬಯ್ಯೂದು. ಈಗ ನಂಗೆ ಗೊತ್ತಿತ್ತು ಅಂತ ಆತಲ್ಲ. ಗೊತ್ತಿದ್ದೂ ಕೈ ಇಳಿಸ್ದೆ. ಎತ್ತಿದ ಕೈ ಹಾಗೇ ಇಟ್ಟು ಒಂದು ಸಲ ಕೂಗಿದ್ರೆ ಅವ ಎಂಜಿನ್ ಕೊಡ್ತಿದ್ದ. ನನ್ನ ಮಾತು ಅವ ಮೀರಿದವನಾ?"

ಮೀರಿದವನಲ್ಲ.

ನಿನ್ನ ಹಾಳೆಯನ್ನು ಭಾನುವಾರ ಸಭೆಯಲ್ಲಿ ಮಾಬ್ಲ ಓದಿದ. ನಾಲ್ಕೈದು ಮಂದಿ ಹಿರಿಯರು ಮನೆಗೆ ಬಂದರು. ತಪ್ಪು ತಿಳಿದೆವು ದೇವಪ್ಪಣ್ಣ, ನಾಳೆಯಿಂದ ಯಾವ ದೋಣಿಗೆ ಬೇಕಾದರೂ ಬಾ ಎಂದರು. ಅಪ್ಪ ಎಲ್ಲರಿಗೂ ಕೈ ಮುಗಿದ. ಚಾ ಕುಡಿಸಿ ಕಳಿಸಿದ. ಯಾರೊಡನೆಯೂ ಹೋಗಲಿಲ್ಲ. ಬನ್ಸ್ ಹಾಗೇ ಉಳಿದು ಒಣಗಿತು. ಊರು ಅವನನ್ನು ತಪ್ಪಿನಿಂದ ಬಿಟ್ಟಿತು ಭಾಸ್ಕರ, ಅವನು ತನ್ನನ್ನು ಬಿಡುತ್ತಿಲ್ಲ. ಅದಕ್ಕೇ ರಜೆ ಹಾಕಿದ್ದು. ಅವನು ಅಳಿವೆಯ ಕಲ್ಲಿಗೆ ಹೋದರೆ ನಾನೂ ಹೋಗಿ ಎರಡು ಮಾರು ದೂರದಲ್ಲಿ ಕೂರುತ್ತೇನೆ.

ನೀನು ಕೇಳಬೇಕಾದ್ದನ್ನು ಕೇಳಲಿಲ್ಲ ಎಂದು ಬರೆದಿದ್ದೆ. ನಾನು ಕೇಳಿದೆ. ಬಿಡದೆ, ಬೆನ್ನು ಹತ್ತಿ ಕೇಳಿದೆ. ಇದಕ್ಕಿಂತ ಕೆಟ್ಟದಿರಲಾರದು ಎಂದು ಬರೆದವಳೂ ನಾನೇ. ನಿನ್ನನ್ನು ಬೈಯಲು ಬಾಯಿ ತೆರೆದರೆ ಈಗ ಅದು ನೆನಪಾಗುತ್ತದೆ. ಹಾಗೆಂದು ನಿನ್ನನ್ನು ಕ್ಷಮಿಸಿದೆ ಎಂದುಕೊಳ್ಳಬೇಡ. ಇನ್ನೂ ಇಲ್ಲ.

ಇವತ್ತು ಬೆಳಿಗ್ಗೆ ಅಪ್ಪ ತಾನಾಗಿ ಮಾತಾಡಿದ.

"ಭಾಸ್ಕರ ಬರ್ತೆ ಅಂದಾನಲ್ಲ, ಬರ್ಲಿ. ಬರೂವಾಗ ಆ ಮಷೀನು ತರ್ಲಿ. ಗುಂಡಿ, ಹಾರ್ನ್, ಎಲ್ಲ."

"ಎಂತಕ್ಕೆ ಅಪ್ಪ?"

"ಆ ಐದು ಎಷ್ಟು ಉದ್ದ ಇತ್ತು ಅಂತ ನೋಡ್ಬೇಕು. ಕೈ ಎತ್ತಿ, ಇಳಿಸ್ದೇ ಇದ್ದು ನೋಡ್ಬೇಕು ಒಂದ್ಸಲ."

ಬೇಡ ಎಂದೆ. ಅಮ್ಮನ ಆಣೆ ಹಾಕಿದೆ. ಅವನು ನನ್ನ ಮುಖ ನೋಡುತ್ತಾ ಕೂತ, ಆ ಪೊರೆ ಬಂದ ಕಣ್ಣಿನಲ್ಲಿ. ಆಮೇಲೆ, ಅಷ್ಟು ಮಾಡಿದರೆ ಉಣ್ಣುತ್ತೇನೆ ಎಂದ. ನಾನು ಇನ್ನೇನು ಮಾಡಲಿ?

ಭಾನುವಾರ ಇಳಿತ ನಾಲ್ಕರ ಸುಮಾರಿಗೆ. ಅದಕ್ಕೆ ಮೊದಲು ಬಾ. ಸ್ಟಾಪಿನಲ್ಲಿ ಮಾಬ್ಲ ಇರುತ್ತಾನೆ, ಕಂಪ್ಯೂಟರು ಹೊತ್ತು ತರಲು. ಊಟ ಇಲ್ಲೇ.

ಹಾಡು ಹಾಕಬೇಡ.

ಸುಚಿತಕ್ಕ